‘ಸಿ’ ಎಂಬ ಒಂದಕ್ಷರದ ವಿನಾಯಿತಿ

ಮೈಸೂರಿನಲ್ಲೋ ಮ್ಯೂನಿಕ್‌ನಲ್ಲೋ ವರ್ಷವಿಡೀ ಇದ್ದ ಅಮೆರಿಕನ್ ಪ್ರಜೆಯೂ ತನಗೇಕೆ ಆರೋಗ್ಯ ವಿಮೆ ಇಲ್ಲದ್ದಕ್ಕೆ ದಂಡ ಬೀಳಬಾರದೆಂದು ಅಮೆರಿಕದ ತೆರಿಗೆ ಇಲಾಖೆಗೆ ಬರೆದುಕೊಡಬೇಕಿದ್ದ ಕಾಲವೊಂದಿತ್ತು. 2014ರಿಂದ 2018ರವರೆಗೆ, ಐದು ತೆರಿಗೆ ವರ್ಷ. ಅದಕ್ಕೆಂದೇ ಇದ್ದದ್ದು 8965 ಸಂಖ್ಯೆಯ ಫಾರಂ. ಮೂರನೇ ಭಾಗದಲ್ಲಿ ಹೆಸರು, ಸೋಷಿಯಲ್ ಸೆಕ್ಯುರಿಟಿ ನಂಬರ್, ಪಕ್ಕದ ಕಿರುಮನೆಯಲ್ಲಿ ‘ಸಿ’ ಎಂಬ ಒಂದೇ ಅಕ್ಷರ. ಆಮೇಲೆ ‘ಇಡೀ ವರ್ಷ’ ಎಂಬ ಚೌಕ, ಅದರಾಚೆ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಚೌಕ. ‘ಸಿ’ ಅಂದರೆ, ನಾನು ಪರದೇಶದಲ್ಲಿದ್ದೇನೆ, ನನ್ನನ್ನು ಬಿಟ್ಟುಬಿಡಿ.

ಊರಲ್ಲಿಲ್ಲದವನಿಂದಲೂ ಕಂದಾಯ ಕೇಳುವ ಈ ಚಾಳಿ ಅಮೆರಿಕದಲ್ಲಿ ಅಲ್ಲಿನ ಅಂತರ್ಯುದ್ಧದಷ್ಟು ಹಳೆಯದು. ನಮ್ಮಲ್ಲಿ ಆದಾಯ ತೆರಿಗೆ ಮುಖ್ಯವಾಗಿ ವಾಸ ನೋಡುತ್ತದೆ. ಅಮೆರಿಕ ಪೌರತ್ವವನ್ನೂ ನೋಡುತ್ತದೆ. ಮೆಕ್ಸಿಕೋ ಸಿಟಿಯಲ್ಲಿ ನೆಲೆಸಿ, ಅಲ್ಲಿನ ಆಸ್ತಿಯಿಂದ ಬಂದ ಆದಾಯಕ್ಕೆ ಅಮೆರಿಕಕ್ಕೇಕೆ ತೆರಿಗೆ ಎಂದು ಕುಕ್ ಎಂಬಾತ ಕೋರ್ಟಿಗೆ ಹೋದ. 1924ರಲ್ಲಿ ಸುಪ್ರೀಂ ಕೋರ್ಟ್ ಕಟ್ಟಲೇಬೇಕು ಎಂದಿತು. ಪ್ರಜೆ ಎಲ್ಲಿದ್ದರೂ ಸರ್ಕಾರದ ನೆರಳು ಅವನ ಮೇಲಿರುತ್ತದೆ ಎಂಬುದು ಅದರ ವಾದ.

2010ರ ಮಾರ್ಚ್ 23ರಂದು ಒಬಾಮ ಸಹಿ ಹಾಕಿದ ಆರೋಗ್ಯ ಕಾಯ್ದೆ ಎಲ್ಲರಿಗೂ ವಿಮೆ ಕಡ್ಡಾಯ ಮಾಡಿತು. ವಿಮೆ ಇಲ್ಲದವರು ಕಟ್ಟಬೇಕಾದ ಹಣ ದಂಡವೋ ತೆರಿಗೆಯೋ? 2012ರಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ತೆರಿಗೆ ಹಾಕುವ ಅಧಿಕಾರದ ಆಸರೆ ಕೊಟ್ಟು ಅದನ್ನು ಉಳಿಸಿದರು. 2016ರ ಹೊತ್ತಿಗೆ ವಯಸ್ಕರಿಗೆ ತಲಾ 695 ಡಾಲರ್ ಅಥವಾ ನಿಗದಿತ ಮಿತಿ ಮೀರಿದ ಆದಾಯದ ಶೇ 2.5, ಯಾವುದು ಹೆಚ್ಚೋ ಅದು.

ಹೊರಗಿದ್ದವರು ಅಮೆರಿಕದ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳುವಂತೆಯೇ ಇರಲಿಲ್ಲ. ಹಾಗಾಗಿ ಕಾಯ್ದೆಯೊಳಗೇ ಒಂದು ಕಿಂಡಿ ಇಟ್ಟಿದ್ದರು. ಸತತ ಹನ್ನೆರಡು ತಿಂಗಳಲ್ಲಿ 330 ಪೂರ್ತಿ ದಿನ ಹೊರಗಿದ್ದವರು, ಇಲ್ಲವೇ ಬೇರೆ ದೇಶದಲ್ಲೇ ನಿಜವಾಗಿ ನೆಲೆಯೂರಿದವರು, ವಿಮೆ ಉಳ್ಳವರೆಂದೇ ಲೆಕ್ಕ. ಕಾನೂನಿನ ಪ್ರಕಾರ ವಿಮೆ ಇದ್ದವರು, ಫಾರಮ್ಮಿನ ಪ್ರಕಾರ ವಿನಾಯಿತಿ ಪಡೆದವರು! ಇನ್ನು ಪೂರ್ತಿ ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿವರೆಗೆ. ಅಮೆರಿಕದ ನೆಲ ಮುಟ್ಟಿದ ದಿನ ಕೈಬಿಟ್ಟಂತೆ. ಬೆಂಗಳೂರಿಗೆ ಮರಳಿ, ಮೊಮ್ಮಗುವನ್ನು ನೋಡಲು ಆಗಾಗ ಅಲ್ಲಿಗೆ ಹೋಗಿಬರುವವರು ಪಾಸ್‌ಪೋರ್ಟಿನ ಠಸ್ಸೆ ಹಿಡಿದು ಬೆರಳೆಣಿಸಬೇಕಾಗಿದ್ದು ಇದಕ್ಕೇ.

2017ರ ಡಿಸೆಂಬರ್‌ನ ತೆರಿಗೆ ಕಾನೂನು ದಂಡವನ್ನು 2019ರಿಂದ ಸೊನ್ನೆಗಿಳಿಸಿತು. ‘ಸಿ’ಯ ಜೊತೆಗೆ ಆ ಫಾರಂ ಕೂಡ ಹೋಯಿತು. ಆದರೆ ಅದೇ ಆರೋಗ್ಯ ಸುಧಾರಣೆಯ ಖರ್ಚಿಗೆ ನೆರವಾಗಲೆಂದು ಹೂಡಿಕೆ ಆದಾಯದ ಮೇಲೆ ಹೇರಿದ ಶೇ 3.8ರ ತೆರಿಗೆ ಹೋಗಲಿಲ್ಲ. ಅದಕ್ಕೆ ಪರದೇಶವಾಸದ ವಿನಾಯಿತಿಯೂ ಇಲ್ಲ. ಒಂಟಿಯಾಗಿದ್ದರೆ ಆದಾಯ 2 ಲಕ್ಷ ಡಾಲರ್ ಮೀರಿದ ಮೇಲೆ ಬೀಳುತ್ತದೆ. ವಿದೇಶಿ ಸಂಗಾತಿಯ ಜೊತೆ ಬದುಕುತ್ತಾ ಬೇರೆಬೇರೆಯಾಗಿ ಲೆಕ್ಕ ಸಲ್ಲಿಸಿದರೆ 1.25 ಲಕ್ಷಕ್ಕೇ ಅದು ಬಾಗಿಲು ತಟ್ಟುತ್ತದೆ. 2013ರಲ್ಲಿ ಜಾರಿಗೆ ಬಂದ ಆ ಮಿತಿಗಳು ಹಣದುಬ್ಬರಕ್ಕೆ ತಕ್ಕಂತೆ ಏರುವಂಥವಲ್ಲ.