ಸ್ವಂತ ಬುದ್ಧಿಯ ಬಾಳು

ಸ್ವಂತ ಬುದ್ಧಿ ಎಂದೊಡನೆ ಹಿರಿಯರ ಮಾತನ್ನು ಮೀರುವುದು ಎಂದು ಕೆಲವರು ಭಾವಿಸುತ್ತಾರೆ. ಎಲ್ಲರೂ ಹೌದೆಂದುದನ್ನು ಅಲ್ಲವೆನ್ನುವುದೇ ಜಾಣತನವೆಂದು ಮತ್ತೆ ಕೆಲವರು ಬಗೆಯುತ್ತಾರೆ. ಎರಡೂ ಸರಿಯಲ್ಲ. ಅಲ್ಲವೆನ್ನುವುದನ್ನೇ ರೂಢಿಮಾಡಿಕೊಂಡವನೂ ಇನ್ನೊಬ್ಬರ ಮಾತಿಗೆ ಕಟ್ಟುಬಿದ್ದವನೇ. ಅವರು ಬಾಯಿ ತೆರೆಯುವವರೆಗೆ ಇವನಿಗೆ ಹೇಳಲು ಏನೂ ಇರುವುದಿಲ್ಲ. ಕೇಳಿದುದನ್ನು, ಓದಿದುದನ್ನು ಅನುಭವದ ಒರೆಗಲ್ಲಿಗೆ ಹಚ್ಚಿ ನೋಡಿ, ನಿಂತುದನ್ನು ಇಟ್ಟುಕೊಂಡು ಉಳಿದುದನ್ನು ಬಿಡುವ ಕಷ್ಟದ ಕೆಲಸಕ್ಕೆ ಸ್ವಂತ ವಿಚಾರವೆಂದು ಹೆಸರು. ಅದನ್ನು ಬಾಳಿನುದ್ದಕ್ಕೂ ಮಾಡಿದವರೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದರು. ಅವರು ಕೋಟ ಶಿವರಾಮ ಕಾರಂತರು.

ಕಾರಂತರು ಹುಟ್ಟಿದ್ದು 1902ರಲ್ಲಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು. ಅಲ್ಲಿಂದ ಮುಂದೆ ಊರೂರು ಅಲೆದು ಕಂಡುದೇ ಅವರಿಗೆ ಪಾಠವಾಯಿತು. 1933ರ ‘ಚೋಮನ ದುಡಿ’ ಎಂಬ ಕಾದಂಬರಿಯ ನಾಯಕ, ಒಂದು ತುಂಡು ಹೊಲವನ್ನು ಉಳಬೇಕೆಂದು ಹಂಬಲಿಸುವ ಅಸ್ಪೃಶ್ಯನೆನಿಸಿಕೊಂಡ ಜೀತದಾಳು. ಅಂಥವನ ಎದೆಯಲ್ಲೂ ಕಾದಂಬರಿಯೊಂದನ್ನು ತುಂಬುವಷ್ಟು ನೋವಿದೆಯೆಂದು ಅವರಿಗೆ ತಿಳಿಸಿದ್ದು ಶಾಸ್ತ್ರಗ್ರಂಥವಲ್ಲ, ಸುತ್ತಲಿನ ಬದುಕು.

ಭಾಷೆಯ ವಿಷಯದಲ್ಲಿ ಅವರು ಮಾಡಿದ ಸಾಹಸವನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಮಾತು ವಿದ್ಯಾವಂತರ ಬಾಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಅವರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು, ಅನಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಹೊರತಂದರು. ಅವರು ವಿಜ್ಞಾನದ ಪದವೀಧರರಲ್ಲ. ತಾನು ತಿಳಿದುಕೊಳ್ಳದೆ ಇನ್ನೊಬ್ಬರಿಗೆ ತಿಳಿಸುವುದು ಆಗದಲ್ಲವೆ? ಆದ್ದರಿಂದ ಬರೆಯುವ ಮೊದಲು ಅವರು ವಿದ್ಯಾರ್ಥಿಯಾಗಲೇಬೇಕಾಯಿತು.

ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿಯಿದೆ. ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ತಪ್ಪಿಲ್ಲದೆ ಬರೆಯುವ ಹುಡುಗನಿಗೆ ಪರೀಕ್ಷೆಯಲ್ಲಿ ಅಂಕ ದೊರೆಯಬಹುದು. ಅವನ ಅಜ್ಜಿ ಹಿತ್ತಲಿನ ಬಾಳೆಯೆಲೆಯನ್ನು ತೋರಿಸಿ, “ಇದು ಬಿಸಿಲಿನಿಂದ ಅನ್ನ ಮಾಡಿಕೊಳ್ಳುವುದು ಹೇಗಪ್ಪ?” ಎಂದು ಕೇಳಿದರೆ ಅವನು ತಡವರಿಸುತ್ತಾನೆ. ಎಲೆಯ ಹಸಿರು ಬಿಸಿಲನ್ನು ಹೀರುತ್ತದೆ; ಬೇರು ತಂದ ನೀರೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡೂ ಸೇರಿ ಸಕ್ಕರೆಯಾಗುತ್ತದೆ ಎಂದು ಮನೆಯ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ದಿನವೇ ಆ ಪದ ಅವನದಾಗುವುದು. ಅಲ್ಲಿಯವರೆಗೆ ಅದು ಎರವಲು ತಂದ ಒಡವೆ. ಸಂಸ್ಕೃತದ ಪದವಾದರೇನು, ಇಂಗ್ಲಿಷಿನದಾದರೇನು, ಅರ್ಥವಾಗದೆ ಉರುಹೊಡೆದದ್ದು ಎರವಲೇ. (ಗೈಡುಗಳನ್ನು ನಂಬಿ ಕುಳಿತವರಿಗೆ ಈ ಮಾತು ರುಚಿಸದಿರಬಹುದು.)

ಒಲವಿನಲ್ಲಿಯೂ ಅವರು ರೂಢಿಯ ಅಪ್ಪಣೆಗೆ ಕಾಯಲಿಲ್ಲ. 1936ರಲ್ಲಿ ಬೇರೆ ಜಾತಿಯ ಲೀಲಾ ಅವರನ್ನು ವಿವಾಹವಾದರು. ಜಾತಿಭೇದ ಕೂಡದೆಂದು ವೇದಿಕೆಯ ಮೇಲೆ ಹೇಳುವುದು ಸುಲಭ. ತನ್ನ ಮನೆಯ ಬಾಗಿಲಲ್ಲಿ ಅದನ್ನು ನಡೆಸಿ ತೋರುವುದಕ್ಕೆ ಇಬ್ಬರಿಗೂ ಎದೆಗಾರಿಕೆ ಬೇಕು. ಲೀಲಾ ಅವರ ಪಾಲಿನ ಧೈರ್ಯ ಕಡಿಮೆಯದೇನಲ್ಲ.

ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರು. ಪರಿಸರದ ಪರವಾಗಿ 1989ರಲ್ಲಿ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಸ್ಥಾವರವೂ ಸ್ಥಾಪನೆಯಾಯಿತು. ಅದರ ಬಗೆಗೆ ಅವರ ಅಭಿಪ್ರಾಯವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಕಾರಂತರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುವವರನ್ನು ಕಂಡಿದ್ದರೆ ಅವರು ಮೆಚ್ಚುತ್ತಿದ್ದರೆಂದು ನನಗೆ ತೋರುವುದಿಲ್ಲ.

1997ರಲ್ಲಿ ತೀರಿಕೊಳ್ಳುವ ಮುನ್ನ, ತೊಂಬತ್ತು ದಾಟಿದ ಆ ವಯಸ್ಸಿನಲ್ಲಿ, ಅವರು ಬರೆಯುತ್ತಿದ್ದುದು ಹಕ್ಕಿಗಳನ್ನು ಕುರಿತು.