ಬಸುರಿಗೆ ವಿಶ್ರಾಂತಿ ಬೇಕೆಂದರೆ ರಾಜೀನಾಮೆಯೇ?

ಐದನೇ ತಿಂಗಳಿಗೇ ರಕ್ತಸ್ರಾವ. "ಏಳಬೇಡಮ್ಮ, ಮಲಗೇ ಇರು" ಅಂತಾರೆ ಡಾಕ್ಟರು. "ಹಾಗಾದ್ರೆ ಕೆಲಸ ಬಿಡಮ್ಮ" ಅಂತಾರೆ ಮಾಲೀಕರು. ನಿಮ್ಮ ಮಗಳೋ ಸೊಸೆಯೋ ಕಣ್ಣೊರೆಸಿಕೊಂಡು ರಾಜೀನಾಮೆ ಬರೆಯಲು ಕೂತಿದ್ದರೆ ಮೊದಲು ಪೆನ್ನು ಕಿತ್ತುಕೊಳ್ಳಿ!

ಕಡೇಪಕ್ಷ 10 ಮಂದಿ ದುಡಿಯುವ ಅಂಗಡಿಯಾದರೂ ಸರಿ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಉಂಟು. 1961ರ ಕಾಯ್ದೆಯಲ್ಲಿದ್ದ ಈ ಹಕ್ಕು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದೆ. ಬಹಳ ಜನಕ್ಕೆ ಗೊತ್ತಿಲ್ಲದ್ದು ಬೇರೆಯೇ ಇದೆ: ಬಸಿರಿನಿಂದ ಕಾಯಿಲೆಯಾದರೆ, ಡಾಕ್ಟರ ಸರ್ಟಿಫಿಕೇಟು ಕೊಟ್ಟು ಇನ್ನೂ ಒಂದು ತಿಂಗಳು ಸಂಬಳದ ರಜೆ ಪಡೆಯಬಹುದು. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.

ಇ.ಎಸ್.ಐ. ಇದ್ದವರು ಹಣವನ್ನು ಅಲ್ಲೇ ಕೇಳಬೇಕು. ಉಳಿದವರು ಬಾಯಿಮಾತು ನಂಬದೆ ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಲಿ. ಮಾಲೀಕರು ಒಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಲು ಆ ನಕಲೇ ಬೇಕಾಗುತ್ತದೆ.