ಮೂರು ಪಟ್ಟಣಗಳು, ಒಂದು ಹಾಳೆ: ವಿಕ್ಟೋರಿಯಾ ಕಾಲದ ನೌಕಾನಗರಗಳ ನಕ್ಷೆ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಟೇಮರ್ ಮತ್ತು ಪ್ಲಿಮ್ ನದಿಗಳು ಕಡಲನ್ನು ಸೇರುವೆಡೆ ಪ್ಲಿಮತ್, ಸ್ಟೋನ್‌ಹೌಸ್, ಡೆವನ್‌ಪೋರ್ಟ್ ಎಂಬ ಮೂರು ಊರುಗಳು ಅಕ್ಕಪಕ್ಕದಲ್ಲಿ ಬೆಳೆದವು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇವಕ್ಕೆ ‘ಮೂರು ಪಟ್ಟಣಗಳು’ ಎಂದೇ ಹೆಸರು. ನಕ್ಷೆಗಾರರು ಇವನ್ನು ಒಂದೇ ಹಾಳೆಯಲ್ಲಿ ಅಚ್ಚುಹಾಕುತ್ತಿದ್ದರು. ಇಂದು ಅಂಥ ಹಾಳೆಗಳು ಚೌಕಟ್ಟು ಹಾಕಿಸಿಕೊಂಡು ಗೋಡೆಯ ಅಲಂಕಾರವಾಗಿ ಮಾರಾಟವಾಗುತ್ತವೆ. ಹಸ್ತಪ್ರತಿಯೊಂದನ್ನು ಓದುವ ಶ್ರದ್ಧೆಯಿಂದ ನೋಡಿದರೆ ಮಾತ್ರ ಅವು ಬಾಯಿಬಿಡುತ್ತವೆ.

ಮೊದಲ ಪ್ರಶ್ನೆ ಕಾಲನಿರ್ಣಯದ್ದು. ಇಂಥ ನಕ್ಷೆಗಳಲ್ಲಿ ಅನೇಕ ವೇಳೆ ಇಸವಿ ಇರುವುದಿಲ್ಲ. ಪ್ರಕಾಶಕರು ಒಮ್ಮೆ ಕೊರೆಸಿದ ಲೋಹದ ಫಲಕವನ್ನೇ ವರ್ಷಗಟ್ಟಲೆ ಬಳಸಿ, ಆಗಾಗ ಹೊಸ ರೈಲುಹಾದಿಯೊಂದನ್ನು ಸೇರಿಸಿ ಮತ್ತೆ ಮುದ್ರಿಸುತ್ತಿದ್ದರು. ಆದ್ದರಿಂದ ಕವಿಯ ಕಾಲವನ್ನು ಕಾವ್ಯದೊಳಗಿನಿಂದಲೇ ಹುಡುಕುವಂತೆ ಇಲ್ಲಿಯೂ ಆಂತರಿಕ ಪ್ರಮಾಣಗಳನ್ನೇ ನೆಚ್ಚಬೇಕು. ರೈಲು ಪ್ಲಿಮತ್ತಿನ ಮಿಲ್‌ಬೇ ನಿಲ್ದಾಣವನ್ನು ಮುಟ್ಟಿದ್ದು 1849ರಲ್ಲಿ. ಉಗಿಹಡಗುಗಳಿಗಾಗಿ ಡೆವನ್‌ಪೋರ್ಟಿನ ಉತ್ತರಕ್ಕೆ ಕಟ್ಟಿದ ಕೀಹ್ಯಾಮ್ ಹಡಗುಕಟ್ಟೆಯ ಕೆಲಸ 1844ರಲ್ಲಿ ಆರಂಭವಾಗಿ, ಅದು ತೆರೆದದ್ದು 1853ರಲ್ಲಿ. ಟೇಮರ್ ನದಿಯ ಮೇಲೆ ಬ್ರುನೆಲ್ ಕಟ್ಟಿದ ರಾಯಲ್ ಆಲ್ಬರ್ಟ್ ಸೇತುವೆ 1859ರದು. ಇವುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂಬುದರಿಂದ ಹಾಳೆಯ ಕಾಲವನ್ನು ಸ್ಥೂಲವಾಗಿ ಗುರುತಿಸಬಹುದು. ಸ್ಥೂಲವಾಗಿ ಎಂದೇ ಹೇಳಬೇಕು. ಏಕೆಂದರೆ ಹಾಕಲಿರುವ ಹಾದಿಯನ್ನು ಮುಂಚಿತವಾಗಿಯೇ ಬರೆದುಬಿಡುವ, ಮುಗಿದ ಕಟ್ಟಡವನ್ನು ಸೇರಿಸದೆ ಬಿಡುವ ಎರಡೂ ಅಭ್ಯಾಸಗಳು ನಕ್ಷೆಗಾರರಿಗಿದ್ದವು.

ಊರಿನ ಹೆಸರೂ ಒಂದು ಪ್ರಮಾಣವೇ. ಡೆವನ್‌ಪೋರ್ಟ್ ಎಂಬ ಹೆಸರು ಹಳೆಯದಲ್ಲ. 1690ರ ದಶಕದಲ್ಲಿ, ಮೂರನೆಯ ವಿಲಿಯಂ ದೊರೆಯ ಆಳ್ವಿಕೆಯಲ್ಲಿ, ಟೇಮರ್ ನದಿಯ ಅಳಿವೆಯ ದಂಡೆಯಲ್ಲಿ ಸರಕಾರಿ ಹಡಗುಕಟ್ಟೆ ಸ್ಥಾಪನೆಯಾಯಿತು. ಅದರ ಸುತ್ತ ಬಡಗಿಗಳೂ ಹಗ್ಗ ಹೊಸೆಯುವವರೂ ಕಮ್ಮಾರರೂ ನೆಲಸಿದ ಊರಿಗೆ ‘ಪ್ಲಿಮತ್ ಡಾಕ್’ ಎಂಬ ಹೆಸರು ಬಿತ್ತು. 1801ರ ಜನಗಣತಿಯ ವೇಳೆಗೆ ಈ ಊರು ಜನಸಂಖ್ಯೆಯಲ್ಲಿ ಪ್ಲಿಮತ್ತನ್ನೇ ಮೀರಿಸಿತ್ತು. ಆದರೂ ನೆರೆಯೂರಿನ ಬಾಲದಂಥ ಹೆಸರು! ಅಲ್ಲಿನ ಜನ ನಾಲ್ಕನೆಯ ಜಾರ್ಜ್ ದೊರೆಗೆ ಮನವಿ ಸಲ್ಲಿಸಿದರು. 1824ರ ಜನವರಿ 1ರಿಂದ ಊರು ಡೆವನ್‌ಪೋರ್ಟ್ ಆಯಿತು. ಆ ಸಂತೋಷದಲ್ಲಿ ವಾಸ್ತುಶಿಲ್ಪಿ ಜಾನ್ ಫೌಲ್ಸ್‌ಟನ್‌ನಿಂದ ವಿನ್ಯಾಸ ಮಾಡಿಸಿ ಎತ್ತರದ ಸ್ತಂಭವೊಂದನ್ನು ನಿಲ್ಲಿಸಿದರು. ಹೆಸರು ಸಿಕ್ಕಿತೆಂದು ಜಯಸ್ತಂಭ ನೆಟ್ಟ ಊರುಗಳು ವಿರಳವೆಂದೇ ತೋರುತ್ತದೆ.

ನಡುವಿನ ಸ್ಟೋನ್‌ಹೌಸ್ ಗಾತ್ರದಲ್ಲಿ ಕಿರಿದು. ಆದರೆ ನೌಕಾಪಡೆಯ ಅನ್ನ ಮತ್ತು ಔಷಧಗಳೆರಡೂ ಅಲ್ಲಿದ್ದವು. 1826ರಿಂದ 1835ರವರೆಗೆ ಕಿರಿಯ ಜಾನ್ ರೆನ್ನಿ ಕಟ್ಟಿಸಿದ ರಾಯಲ್ ವಿಲಿಯಂ ಯಾರ್ಡ್‌ನಲ್ಲಿ ಹಿಟ್ಟಿನ ಗಿರಣಿ, ಬೇಕರಿ, ಪೀಪಾಯಿ ಮಾಡುವ ಶಾಲೆ, ಕಸಾಯಿಖಾನೆಗಳಿದ್ದವು. ಹಿನ್ನೀರಿನ ದಡದಲ್ಲಿ 1760ರ ದಶಕದ ನೌಕಾ ಆಸ್ಪತ್ರೆಯಿತ್ತು. ರೋಗಿಗಳನ್ನು ದೋಣಿಯಲ್ಲೇ ಅಲ್ಲಿಗೆ ತರುತ್ತಿದ್ದರು. ನಕ್ಷೆಯಲ್ಲಿ ಈ ಆಸ್ಪತ್ರೆ ಒಂದೇ ಕಟ್ಟಡವಾಗಿರದೆ, ಅಂಗಳವೊಂದರ ಸುತ್ತ ಬಿಡಿಬಿಡಿಯಾಗಿ ನಿಂತ ಚಿಕ್ಕ ಆಯತಗಳಾಗಿ ಕಾಣುತ್ತದೆ. ಒಂದು ಕಟ್ಟಡದ ಸೋಂಕು ಇನ್ನೊಂದಕ್ಕೆ ಹರಡದಿರಲೆಂಬ ಯೋಜನೆ ಅದು. 1787ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳನ್ನು ನೋಡಲು ಬಂದ ಫ್ರೆಂಚ್ ವಿದ್ವಾಂಸರೂ ಇದನ್ನು ಮೆಚ್ಚಿಕೊಂಡರು.

ಮುಂಬಯಿಯ ಕನ್ನಡಿಗರಿಗೆ ಇಲ್ಲೊಂದು ಮಾತು ಪ್ರಸ್ತುತವಾದೀತು. ಓಕ್ ಮರದ ಅಭಾವ ಕಾಡಿದಾಗ ಇದೇ ನೌಕಾಪಡೆ ಬೊಂಬಾಯಿಯ ಹಡಗುಕಟ್ಟೆಯತ್ತ ತಿರುಗಿತು. ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ‘ಮಿಂಡೆನ್’ 1810ರಲ್ಲಿ, ‘ಟ್ರಿಂಕೋಮಲಿ’ 1817ರಲ್ಲಿ ನೀರಿಗಿಳಿದವು. ಎರಡನೆಯದು ಹಾರ್ಟ್‌ಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಬೊಂಬಾಯಿಯ ಹಡಗುಗಳಿಗೆ ತೇಗ ಬರುತ್ತಿದ್ದುದು ಮಲಬಾರ್ ಮತ್ತು ಕೆನರಾ ಕಾಡುಗಳಿಂದ.

ಮತ್ತೆ ನಕ್ಷೆಗೆ ಬರೋಣ. 1914ರಲ್ಲಿ ಮೂರೂ ಊರುಗಳು ಒಂದಾದವು; ಉಳಿದ ಹೆಸರು ಪ್ಲಿಮತ್. ಸ್ತಂಭ ನೆಟ್ಟು ಪಡೆದ ಸ್ವಾತಂತ್ರ್ಯ ತೊಂಬತ್ತು ವರ್ಷಕ್ಕೆ ಮುಗಿಯಿತು. ಇನ್ನೂ ದೊಡ್ಡ ಪೆಟ್ಟು 1941ರ ಬಾಂಬ್ ದಾಳಿಯದು. ಪ್ಲಿಮತ್ ಮತ್ತು ಡೆವನ್‌ಪೋರ್ಟುಗಳ ಪೇಟೆಗಳು ಸುಟ್ಟು ನೆಲಸಮವಾದವು. ಪ್ಲಿಮತ್ತಿನ ಪೇಟೆಯನ್ನು ಅಬರ್‌ಕ್ರೊಂಬಿ ಮತ್ತು ಪೇಟನ್ ವಾಟ್ಸನ್ ಅವರ 1943ರ ಯೋಜನೆಯಂತೆ ಕಟ್ಟಿದಾಗ ಹಳೆಯ ಬೀದಿಗಳ ಜಾಡನ್ನೇ ಕೈಬಿಟ್ಟು ನೇರವಾದ ಅಗಲ ರಸ್ತೆಗಳನ್ನು ಹಾಕಲಾಯಿತು. ಡೆವನ್‌ಪೋರ್ಟಿನಲ್ಲಿ ನಡೆದದ್ದು ಬೇರೆ. ಅಂಗಡಿ ಸಾಲುಗಳಿಂದ ತುಂಬಿದ್ದ ಫೋರ್ ಸ್ಟ್ರೀಟ್ ಸುತ್ತಲ ಪಾಳುನೆಲವನ್ನು ಹಡಗುಕಟ್ಟೆಯೇ ವಶಪಡಿಸಿಕೊಂಡು, ಎತ್ತರದ ಗೋಡೆಯ ಒಳಗೆ ಸೇರಿಸಿಕೊಂಡಿತು. ಯಾವುದು ಊರನ್ನು ಹುಟ್ಟಿಸಿತೋ ಅದೇ ಊರಿನ ನಡುಭಾಗವನ್ನು ನುಂಗಿತು. ಆ ಗೋಡೆ ಬಿದ್ದದ್ದು ಇಪ್ಪತ್ತೊಂದನೆಯ ಶತಮಾನ ಬಂದ ಮೇಲೆ.

ಹೀಗಾಗಿ ಅಲ್ಲಿನ ಹಿರಿಯರ ಮನೆ ಎಲ್ಲಿತ್ತು, ಯಾವ ಓಣಿ ಯಾವ ಬೀದಿಗೆ ಕೂಡುತ್ತಿತ್ತು ಎಂದು ತಿಳಿಯಬಯಸುವವರಿಗೆ ಇಂದು ನೆಲದ ಮೇಲೆ ಗುರುತಿಲ್ಲ. ಅವರು ಈ ಹಾಳೆಗಳನ್ನೇ ಬಿಚ್ಚಬೇಕು. ಸ್ಟೋನ್‌ಹೌಸಿನ ಹಿನ್ನೀರನ್ನು ಸೇತುವೆಯ ಮೇಲ್ಬದಿಯಲ್ಲಿ ಮಣ್ಣು ತುಂಬಿ ಮುಚ್ಚಲಾಗಿದೆ. ರೋಗಿಗಳ ದೋಣಿ ಸಾಗುತ್ತಿದ್ದ ಆ ಜಾಗ ಈಗ ಆಟದ ಬಯಲು.